ಚಾಟ್ ನಿಮ್ಮದು, ಬಾಗಿಲ ಕೀಲಿ ಯಾರದ್ದು?

ಬೆಳಿಗ್ಗೆ 9.40ಕ್ಕೆ ನನ್ನ ಕೆಲಸ ಹೋಯಿತು. ಹತ್ತು ನಿಮಿಷದೊಳಗೆ ಚಾಟೂ ಹೋಯಿತು.

ಎಚ್‌ಆರ್‌ನವರು ವಿಡಿಯೊ ಕಾಲ್‌ನಲ್ಲಿ ಬರೆದಿಟ್ಟುಕೊಂಡಿದ್ದನ್ನು ಓದಿ ಮುಗಿಸುವ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಕಿಟಕಿ ಲಾಗೌಟ್ ಆಗತೊಡಗಿತು. ಮೊದಲು ಮೇಲ್, ಆಮೇಲೆ ಕ್ಯಾಲೆಂಡರ್, ಕೊನೆಗೆ ಆಫೀಸ್ ಚಾಟ್. ಕೆಲಸ ಹೋಯಿತಲ್ಲ ಅಂತ ಅಳೋಕೆ ನಾನಿಲ್ಲಿ ಕೂತಿಲ್ಲ. ಬೆಂಗಳೂರಿನಲ್ಲಿ ಈಗ ಅದು ನೆಗಡಿ ಬಂದಷ್ಟೇ ಮಾಮೂಲು, ಇದನ್ನು ಓದುತ್ತಿರುವ ನಿಮ್ಮಲ್ಲೂ ಕೆಲವರಿಗೆ ಬಂದು ಹೋಗಿರುತ್ತದೆ. ನನ್ನ ಹೊಟ್ಟೆ ಉರಿದದ್ದು ಆ ಚಾಟ್‌ಗೆ. ಆರು ವರ್ಷದ ಮಾತುಕತೆ ಅಲ್ಲಿತ್ತು. ಮಧ್ಯರಾತ್ರಿ ಪ್ರೊಡಕ್ಷನ್ ಬಿದ್ದಾಗ ನಾಲ್ಕು ಜನ ಒಬ್ಬರನ್ನೊಬ್ಬರು ಬೈದುಕೊಂಡು ಎತ್ತಿ ನಿಲ್ಲಿಸಿದ ಕಥೆ, ಮದುವೆಗೆ ಕರೆದದ್ದು, ಮಗು ಹುಟ್ಟಿದ್ದು, ಎಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಟೀಮಿನ ಒಬ್ಬ ಗೆಳೆಯ ತೀರಿಕೊಂಡ. ಆಸ್ಪತ್ರೆಯ ಹಾಸಿಗೆಯಿಂದ ಅವನು ಕಳಿಸಿದ ಕೊನೆಯ ಸಾಲೂ ಅಲ್ಲೇ ಇತ್ತು: “ಸರ್ವರ್ ರೀಸ್ಟಾರ್ಟ್ ಮಾಡೋದು ಮರೀಬೇಡ್ರೋ.” ಒಂದು ಸ್ಕ್ರೀನ್‌ಶಾಟ್ ಕೂಡ ತೆಗೆದಿಟ್ಟುಕೊಂಡಿರಲಿಲ್ಲ. ಯಾಕೆ ತೆಗೆದಿಡಬೇಕು, ಅಲ್ಲೇ ಇರುತ್ತಲ್ಲ ಅಂದುಕೊಂಡಿದ್ದೆ.

ಅವತ್ತು ಸಾಯಂಕಾಲ ಮನೆಯ ಹಳೇ ಲ್ಯಾಪ್‌ಟಾಪ್ ತೆಗೆದು, ನಾನು ಆಗಾಗ ಪ್ಯಾಚ್ ಕಳಿಸುವ ಒಂದು ಮುಕ್ತ ತಂತ್ರಾಂಶದ ಐಆರ್‌ಸಿ ಚಾನೆಲ್‌ಗೆ ಹೋದೆ. ಒಳಗೆ ಹೋದ ಎರಡು ನಿಮಿಷಕ್ಕೆ ಜರ್ಮನಿಯ ಒಬ್ಬಾತ, “ಓ ಬಂದ್ಯಾ, ನಿನ್ನ ಪ್ಯಾಚ್‌ನಲ್ಲಿ ಒಂದು ಟೆಸ್ಟ್ ಕಮ್ಮಿ ಇದೆ ನೋಡು” ಅಂದ. ಅಷ್ಟೇ. ನನ್ನ ಕೆಲಸ ಹೋದದ್ದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೂ ಇರಲಿಲ್ಲ. ಬೆಳಿಗ್ಗೆ ನನ್ನನ್ನು ಎಲ್ಲ ಕಡೆಯಿಂದ ಅಳಿಸಿ ಹಾಕಿದ ಕೈ ಆ ಚಾನೆಲ್ ತನಕ ಚಾಚುವುದಿಲ್ಲ. ಅದೇ ನಿಕ್, ಅದೇ ಜಾಗ, ಅದೇ ಜಗಳ.

ಈ ಬರಹದ ವಾದ ಇಷ್ಟು: ಯಾವ ಚಾಟ್ ಆ್ಯಪ್ ಬಳಸಬೇಕು ಎನ್ನುವುದು ರುಚಿಯ ಪ್ರಶ್ನೆಯಲ್ಲ, ಯಜಮಾನಿಕೆಯ ಪ್ರಶ್ನೆ. ಆ್ಯಪನ್ನು ನಾವು ಆಯ್ಕೆ ಮಾಡುವ ಹಕ್ಕನ್ನು ನಮ್ಮ ಪೀಳಿಗೆ ಒಂದು ಜಗಳವೂ ಇಲ್ಲದೆ ಬಿಟ್ಟುಕೊಟ್ಟಿದೆ. ಇದು ನಾಚಿಕೆಗೇಡು, ಅದರಲ್ಲೂ ಸಾಫ್ಟ್‌ವೇರ್ ಮಾಡಿ ಹೊಟ್ಟೆ ಹೊರೆಯುವ ಊರಿನವರಾದ ನಮಗೆ.

“ಅಯ್ಯೋ, ಆ್ಯಪ್‌ಗಳು ಬೇಕಾದಷ್ಟಿವೆಯಲ್ಲ, ಆಯ್ಕೆ ಇಲ್ಲ ಅಂದರೆ ಹೇಗೆ?” ಅಂತೀರಿ. ಸರಿ, ರಸ್ತೆ ಬದಿಯ ಎಳನೀರು ಗಾಡಿಯ ಮುಂದೆ ನಿಂತುಕೊಳ್ಳಿ. ಗಾಡಿಗೆ ಅಂಟಿಸಿರುವ ಕ್ಯೂಆರ್ ಪೇಟಿಎಂನದ್ದು. ನಿಮ್ಮ ಫೋನಿನಲ್ಲಿರುವುದು ಫೋನ್‌ಪೇ. ಪಕ್ಕದಲ್ಲಿ ನಿಂತವರದ್ದು ಗೂಗಲ್ ಪೇ. ನಿಮ್ಮ ಬ್ಯಾಂಕ್ ಬೇರೆ, ಎಳನೀರಿನವರ ಬ್ಯಾಂಕ್ ಬೇರೆ. ದುಡ್ಡು ಹೋಯಿತೋ ಇಲ್ಲವೋ? 2016ರಲ್ಲಿ ಬಂದ ಯುಪಿಐ ಮಾಡಿದ ದೊಡ್ಡ ಕೆಲಸವೇ ಅದು: ಆ್ಯಪ್ ಬೇರೆ, ಜಾಲ ಬೇರೆ ಅಂತ ಎರಡನ್ನೂ ಬಿಡಿಸಿಟ್ಟಿತು. ಆ್ಯಪ್ ಹಿಡಿಸಲಿಲ್ಲವೋ, ಬದಲಾಯಿಸಿ; ಎಳನೀರಿನವರನ್ನು ಕೇಳಬೇಕಿಲ್ಲ. ಈಗ ಅದೇ ಫೋನಿನಲ್ಲಿ ವಾಟ್ಸಾಪ್‌ನಿಂದ ಟೆಲಿಗ್ರಾಂನಲ್ಲಿರುವ ಗೆಳತಿಗೆ “ಊಟ ಆಯ್ತಾ?” ಅಂತ ಒಂದು ಸಾಲು ಕಳಿಸಿ ನೋಡೋಣ. ಆಗಲ್ಲ. ಅಪರಿಚಿತರಿಗೆ ಕ್ಷಣದಲ್ಲಿ ದುಡ್ಡು ಕಳಿಸಬಲ್ಲ ದೇಶದಲ್ಲಿ ಪರಿಚಿತರಿಗೆ ಎರಡು ಪದ ಕಳಿಸೋಕೆ ಇಬ್ಬರೂ ಒಂದೇ ಕಂಪನಿಯ ಬಾಗಿಲಲ್ಲಿ ಕ್ಯೂ ನಿಲ್ಲಬೇಕು. ತಂತ್ರಜ್ಞಾನಕ್ಕೆ ಇದು ಕಷ್ಟ ಅಂತಲ್ಲ, ಮಾಡುವ ಮನಸ್ಸು ಅವರಿಗಿಲ್ಲ. ಯೂರೋಪಿನಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಅಂತ ಕಾನೂನು ಮಾಡಿ, ವಾಟ್ಸಾಪ್‌ನಂಥ ದೊಡ್ಡವರು ಬೇರೆ ಆ್ಯಪ್‌ಗಳಿಗೂ ದಾರಿ ಬಿಡಬೇಕು ಅಂತ ಹೇಳಬೇಕಾಗಿ ಬಂದದ್ದು ಇದಕ್ಕೇ.

ಒಂದೇ ಕಂಪನಿಯ ಬಾಗಿಲಲ್ಲಿ ನಿಂತವರ ಗತಿ ಏನಾಗಿದೆ ಅಂತ ಒಮ್ಮೆ ಹಿಂತಿರುಗಿ ನೋಡಿ. ಎಂಎಸ್‌ಎನ್ ಮೆಸೆಂಜರ್ 2013ರಲ್ಲಿ ಹೋಯಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಯಾಹೂ ಮೆಸೆಂಜರ್ 2018ರ ಜುಲೈನಲ್ಲಿ. ಗೂಗಲ್ ಅಲೋ, ಬಿಬಿಎಂ ಎರಡೂ 2019ರಲ್ಲಿ. ನಮ್ಮದೇ ದೇಶದ ಹೈಕ್ 2021ರ ಜನವರಿಯಲ್ಲಿ. ಸ್ಕೈಪ್ 2025ರ ಮೇ ತಿಂಗಳಲ್ಲಿ. ಗೂಗಲ್ ಟಾಕ್‌ನದ್ದಂತೂ ಬೇರೆಯದೇ ಕಥೆ. 2005ರಲ್ಲಿ ಬಂದಾಗ ಎಕ್ಸ್‌ಎಂಪಿಪಿ ಎಂಬ ಮುಕ್ತ ಭಾಷೆಯಲ್ಲಿ ಮಾತಾಡುತ್ತಿತ್ತು, ಯಾವ ಕ್ಲೈಂಟ್ ಬೇಕಾದರೂ ಹಚ್ಚಿಕೊಳ್ಳಬಹುದಿತ್ತು. ಜನ ಸೇರಿದರು. 2013ರಲ್ಲಿ ಹ್ಯಾಂಗೌಟ್ಸ್ ಬಂತು, ಮುಕ್ತ ಬಾಗಿಲು ಮುಚ್ಚುತ್ತಾ ಹೋಯಿತು, ಕೊನೆಗೆ ಹ್ಯಾಂಗೌಟ್ಸೂ ಹೋಯಿತು. ಸ್ಲ್ಯಾಕ್ ಕೂಡ ಶುರುವಿನಲ್ಲಿ “ನಿಮ್ಮ ಹಳೇ ಐಆರ್‌ಸಿ ಕ್ಲೈಂಟ್‌ನಿಂದಲೇ ಬನ್ನಿ” ಅಂತ ಗೇಟ್ ಇಟ್ಟಿತ್ತು. ಎಲ್ಲರೂ ಒಳಗೆ ಬಂದು ಕೂತ ಮೇಲೆ, 2018ರ ಮೇ 15ರಂದು ಆ ಗೇಟಿಗೆ ಬೀಗ ಬಿತ್ತು. ದುಡ್ಡು ಕೊಡದವರಿಗೆ 2022ರಿಂದ 90 ದಿನಕ್ಕಿಂತ ಹಳೆಯ ಮಾತು ಕಾಣುವುದೂ ನಿಂತಿತು.

ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ ಇದು ಹೊಸದೇನಲ್ಲ. ಬರುವಾಗ “ನಮ್ಮ ಮನೆ ಅಂದ್ಕೊಳಿ” ಅಂತಾರೆ, ಹೋಗುವಾಗ ಬಣ್ಣದ ಖರ್ಚು ಅಂತ ಅಡ್ವಾನ್ಸ್‌ನಲ್ಲಿ ಎರಡು ತಿಂಗಳದ್ದು ಹಿಡಿದುಕೊಳ್ಳುತ್ತಾರೆ. ಆದರೆ ಮನೆಗೆ ಕನಿಷ್ಠ ಕರಾರುಪತ್ರವಾದರೂ ಇರುತ್ತದೆ. ಚಾಟ್‌ಗೆ ‘ಐ ಅಗ್ರೀ’ ಒತ್ತಿದ್ದೇ ಕರಾರು.

ಇದರ ಎದುರು ಐಆರ್‌ಸಿಯನ್ನು ಇಟ್ಟು ನೋಡಿ. ಇಂಟರ್ನೆಟ್ ರಿಲೇ ಚಾಟ್. 1988ರ ಬೇಸಿಗೆಯ ಕೊನೆಗೆ ಫಿನ್ಲೆಂಡಿನ ಓಲು ವಿಶ್ವವಿದ್ಯಾಲಯದಲ್ಲಿ ಯಾರ್ಕ್ಕೊ ಓಯ್ಕರಿನೆನ್ ಬರೆದದ್ದು. ವೆಬ್‌ಗಿಂತ ಹಿರಿಯದು. 1991ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಗೋರ್ಬಚೆವ್ ವಿರುದ್ಧ ದಂಗೆಯ ಯತ್ನ ನಡೆದು ಮಾಧ್ಯಮಗಳ ಬಾಯಿ ಕಟ್ಟಿದಾಗ ಸುದ್ದಿ ಹೊರಗೆ ಬಂದ ದಾರಿಗಳಲ್ಲಿ ಇದೂ ಒಂದು. 1993ರ ಮೇನಲ್ಲಿ ಅದರ ನಿಯಮಗಳನ್ನು ಆರ್‌ಎಫ್‌ಸಿ 1459 ಎಂಬ ದಾಖಲೆಯಾಗಿ ಬರೆದಿಟ್ಟರು. ಯಾರು ಬೇಕಾದರೂ ಓದಬಹುದು, ಓದಿಕೊಂಡು ಕ್ಲೈಂಟ್ ಬರೆಯಬಹುದು, ಸರ್ವರ್ ಬರೆಯಬಹುದು. ಯಾರ ಅಪ್ಪಣೆಯೂ ಬೇಡ. ಅದಕ್ಕೇ ಇಲ್ಲಿ ‘ಕ್ಲೈಂಟ್ ಆಯ್ಕೆ’ ಅನ್ನುವ ಮಾತಿಗೆ ಅರ್ಥವಿದೆ.

ಆ ಅರ್ಥ ಏನು ಅಂತ 2021ರ ಮೇನಲ್ಲಿ ಜಗತ್ತಿಗೇ ಗೊತ್ತಾಯಿತು. ಮುಕ್ತ ತಂತ್ರಾಂಶದವರೆಲ್ಲ ವರ್ಷಗಟ್ಟಲೆ ಸೇರುತ್ತಿದ್ದ ನೆಟ್‌ವರ್ಕ್ ಫ್ರೀನೋಡ್. ಅದರ ಒಡೆತನ ಯಾರದ್ದು ಅನ್ನುವ ಜಗಳ ಜೋರಾಯಿತು. ಸಂಬಳವಿಲ್ಲದೆ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಮೇ 19ರಂದು ಒಟ್ಟಿಗೆ ರಾಜೀನಾಮೆ ಕೊಟ್ಟು ಎದ್ದು ಹೊರಟರು, ಅದೇ ದಿನ ಲಿಬೆರಾ ಚಾಟ್ ಅಂತ ಹೊಸ ನೆಟ್‌ವರ್ಕ್ ತೆರೆದರು. ವಾರದೊಳಗೆ ಹಳೆಯ ಕಡೆಯವರು, ಚಾನೆಲ್ ಟಾಪಿಕ್‌ನಲ್ಲಿ ‘ನಾವು ಲಿಬೆರಾಗೆ ಹೋಗಿದ್ದೇವೆ’ ಅಂತ ಬರೆದಿದ್ದ ನೂರಾರು ಚಾನೆಲ್‌ಗಳನ್ನು ವಶಕ್ಕೆ ತೆಗೆದುಕೊಂಡರು. ಆಮೇಲೆ ಏನಾಯಿತು? ಉಬುಂಟು ಹೊರಟಿತು, ಫೆಡೋರಾ ಹೊರಟಿತು, ವಿಕಿಮೀಡಿಯ ಹೊರಟಿತು. ಬಳಕೆದಾರರು ಮಾಡಬೇಕಾಗಿದ್ದೇನು? ತಮ್ಮ ಕ್ಲೈಂಟ್‌ನಲ್ಲಿ ಸರ್ವರ್ ವಿಳಾಸದ ಒಂದು ಸಾಲು ತಿದ್ದಿ, ನಿಕ್ ಅನ್ನು ಹೊಸದಾಗಿ ನೋಂದಾಯಿಸುವುದು. ಕ್ಲೈಂಟ್ ಅದೇ, ಶಾರ್ಟ್‌ಕಟ್‌ಗಳು ಅವೇ, ಹಳೆಯ ಲಾಗ್‌ಗಳು ಅವರ ಡಿಸ್ಕಿನಲ್ಲೇ, ಜನವೂ ಅವರೇ. ಮಾಲೀಕ ಕೆಟ್ಟರೆ ಊರಿಗೆ ಊರೇ ಕಟ್ಟೆ ಬದಲಾಯಿಸಬಹುದು. ಇಂಥದ್ದನ್ನು ವಾಟ್ಸಾಪ್‌ನಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಗ್ರೂಪ್ ಒಂದಕ್ಕೇ ಮಾಡಿ ತೋರಿಸಿ.

ಇದರ ಉಲ್ಟಾ ಕೂಡ ನಡೆದಿದೆ. ಹೆಕ್ಸ್‌ಚಾಟ್ ಅಂತ ಬಹಳ ಜನ ಬಳಸುತ್ತಿದ್ದ ಕ್ಲೈಂಟ್ ಇತ್ತು. ನಡೆಸುವವರು ಸಾಲದೆ 2024ರ ಫೆಬ್ರವರಿಯಲ್ಲಿ ಕೊನೆಯ ಆವೃತ್ತಿ ಬಿಟ್ಟು ಕೈಮುಗಿದರು. ಯಾರಾದರೂ ಗೆಳೆಯರನ್ನು ಕಳೆದುಕೊಂಡರಾ? ಇಲ್ಲ. ಬೇರೆ ಕ್ಲೈಂಟ್ ಹಾಕಿಕೊಂಡು ಅದೇ ಚಾನೆಲ್‌ಗೆ ಬಂದರು. ಆ್ಯಪ್ ಸತ್ತರೆ ಜಾಲ ಸಾಯಲ್ಲ, ಜಾಲ ಕೆಟ್ಟರೆ ಆ್ಯಪ್ ಕೆಡಲ್ಲ.

ಇಷ್ಟು ಭಾಷಣ ಕೇಳಿದ್ದೀರಿ, ಈಗ ಕೆಲಸಕ್ಕೆ ಬರೋಣ.

ಮೊದಲ ದಿನ ಏನನ್ನೂ ಇನ್‌ಸ್ಟಾಲ್ ಮಾಡಬೇಡಿ. ಲಿಬೆರಾಗೆ ತನ್ನದೇ ವೆಬ್ ಕ್ಲೈಂಟ್ ಇದೆ. ಬ್ರೌಸರ್‌ನಲ್ಲಿ ತೆರೆದು, ಒಂದು ನಿಕ್ ಹಾಕಿ, ನೀವು ದಿನಾ ಬಳಸುವ ಯಾವುದಾದರೂ ಮುಕ್ತ ತಂತ್ರಾಂಶದ ಚಾನೆಲ್‌ಗೆ ಹೋಗಿ ಸುಮ್ಮನೆ ಒಂದು ಗಂಟೆ ಕೂತು ನೋಡಿ. ಊರಿಗೆ ಹೊಸಬರು ಬಂದ ಕೂಡಲೇ ಕಟ್ಟೆ ಮೇಲೆ ಭಾಷಣ ಮಾಡಲ್ಲ ತಾನೇ, ಹಾಗೆ.

ಹಿಡಿಸಿದರೆ ಆಗ ಕ್ಲೈಂಟ್ ಹುಡುಕಿ. ವಿಂಡೋಸ್‌ನಲ್ಲಿ ಎಂಐಆರ್‌ಸಿ 1995ರಿಂದ ಇದೆ. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಅಂತ ಕೊಟ್ಟು “ಎಎಸ್‌ಎಲ್ ಪ್ಲೀಸ್” ಅಂತ ಟೈಪಿಸಿದ ನಲವತ್ತು ದಾಟಿದ ಅಣ್ಣಂದಿರನ್ನು ಕೇಳಿ, ಕಣ್ಣಲ್ಲಿ ನೀರು ಬರುತ್ತದೆ. ಅದು ಕೊಂಡುಕೊಳ್ಳುವ ತಂತ್ರಾಂಶ. ಪುಕ್ಕಟೆಯದ್ದು, ಈಗಿನ ಕಾಲದ್ದು ಬೇಕೆಂದರೆ ಹ್ಯಾಲೋಯ್ ಇದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಲಿನಕ್ಸ್‌ನಲ್ಲಿ ಕೆಡಿಇ ಬಳಗದ ಕಾನ್ವರ್ಸೇಷನ್ ಇದೆ. ಕಪ್ಪು ಪರದೆಯೇ ಕೈಲಾಸ ಅನ್ನುವವರಿಗೆ ಐಆರ್‌ಎಸ್‌ಎಸ್‌ಐ ಮತ್ತು ವೀಚಾಟ್ ಇವೆ. ಹೆಸರು ಕೇಳಿ ಚೀನಾದ ಆ್ಯಪ್ ಅಂದುಕೊಳ್ಳಬೇಡಿ, ಇದು ಬೇರೆ. ಫೋನಿಗೆ ಗೊಗುಮ ಚೆನ್ನಾಗಿದೆ.

ಯಾವುದು ಒಳ್ಳೆಯದು ಅಂತ ಕೇಳಬೇಡಿ, ನಾಲ್ಕು ಪ್ರಶ್ನೆ ಹಾಕಿ. ಒಂದು, ಟಿಎಲ್‌ಎಸ್ ಮೂಲಕ ಗೂಢಲಿಪಿಯಲ್ಲಿ ಸರ್ವರ್‌ಗೆ ಹೋಗುತ್ತದಾ? ಎರಡು, ಎಸ್‌ಎಎಸ್‌ಎಲ್ ಗೊತ್ತಿದೆಯಾ, ಅಂದರೆ ಒಳಗೆ ಹೋಗುವ ಮುನ್ನವೇ ನಿಮ್ಮ ಗುರುತು ಹೇಳಿ ಬಿಡುತ್ತದಾ? ಮೂರು, ಮಾತುಕತೆಯನ್ನು ನಿಮ್ಮ ಡಿಸ್ಕಿನಲ್ಲಿ ಬರೆದಿಡುತ್ತದಾ? ನಾಲ್ಕು, ಕನ್ನಡ ಮುರಿಯದೆ ತೋರಿಸುತ್ತದಾ? ನಾಲ್ಕಕ್ಕೂ ಹೌದು ಅನ್ನುವುದನ್ನು ಹಾಕಿಕೊಳ್ಳಿ, ಬಣ್ಣ ಚೆಂದವಿಲ್ಲದಿದ್ದರೂ ಪರವಾಗಿಲ್ಲ.

ಸಂಪರ್ಕಿಸುವುದಕ್ಕೆ ಬೇಕಾದದ್ದು ಮೂರೇ ಮೂರು: ಸರ್ವರ್ ವಿಳಾಸ, ಪೋರ್ಟ್, ನಿಕ್. ಲಿಬೆರಾದ ವಿಳಾಸ ‘ಐಆರ್‌ಸಿ ಡಾಟ್ ಲಿಬೆರಾ ಡಾಟ್ ಚಾಟ್’. ಪೋರ್ಟ್ 6697, ಪಕ್ಕದಲ್ಲಿ ಟಿಎಲ್‌ಎಸ್ ಅಥವಾ ಎಸ್‌ಎಸ್‌ಎಲ್ ಅಂತಿರುವ ಚೌಕಕ್ಕೆ ಟಿಕ್. ಹಳೆಯ ಲೇಖನಗಳಲ್ಲಿ 6667 ಅಂತ ಇರುತ್ತದೆ. ಅದು ಬಟ್ಟೆ ಇಲ್ಲದ ದಾರಿ, ದಾರಿಯಲ್ಲಿ ಇರುವವರೆಲ್ಲ ಓದಬಹುದು, ಬೇಡ. ಒಳಗೆ ಹೋದ ಮೇಲೆ ನಿಕ್‌ಸರ್ವ್ ಎಂಬ ಸೇವೆಗೆ ಪಾಸ್‌ವರ್ಡ್, ಇಮೇಲ್ ಕೊಟ್ಟು ನಿಕ್ ನೋಂದಾಯಿಸಿ. ಇಮೇಲ್‌ಗೆ ಬರುವ ಕೋಡ್ ಹಾಕಿದರೆ ಆ ನಿಕ್ ನಿಮ್ಮದು. ಫೋನ್ ನಂಬರ್ ಕೇಳುವುದಿಲ್ಲ, ಕಾಂಟ್ಯಾಕ್ಟ್ ಲಿಸ್ಟ್ ಕೇಳುವುದಿಲ್ಲ, ನಿಮ್ಮ ಅತ್ತಿಗೆಯೂ ಇದರಲ್ಲಿದ್ದಾರೆ ಅಂತ ತಿಳಿಸುವುದೂ ಇಲ್ಲ.

ಒಂದೇ ಎಚ್ಚರಿಕೆ. ಆಜ್ಞೆಗಳೆಲ್ಲ ಸ್ಲ್ಯಾಶ್‌ನಿಂದ ಶುರುವಾಗುತ್ತವೆ. ಸ್ಲ್ಯಾಶ್‌ಗೆ ಮುಂಚೆ ಒಂದು ಖಾಲಿ ಜಾಗ ಬಿದ್ದರೆ ಅದು ಆಜ್ಞೆಯಾಗಿ ಉಳಿಯುವುದಿಲ್ಲ, ಎದುರಿಗಿರುವ ಚಾನೆಲ್‌ಗೆ ಮಾತಾಗಿ ಹೋಗುತ್ತದೆ. ನನ್ನ ಗೆಳೆಯನೊಬ್ಬ ಹೀಗೇ ಮುನ್ನೂರು ಜನರ ಮುಂದೆ ತನ್ನ ಪಾಸ್‌ವರ್ಡ್ ಘೋಷಿಸಿದ. ಅದರಲ್ಲಿ ಅವನ ಹಳೇ ಗರ್ಲ್‌ಫ್ರೆಂಡ್ ಹೆಸರಿತ್ತು. ಎಸ್‌ಎಎಸ್‌ಎಲ್ ಹಾಕಿಕೊಂಡರೆ ಪಾಸ್‌ವರ್ಡ್ ಟೈಪಿಸುವ ಪ್ರಮೇಯವೇ ಬರುವುದಿಲ್ಲ, ಅದಕ್ಕೇ ಎರಡನೇ ಪ್ರಶ್ನೆ.

ಈಗ ನಿಮ್ಮ ಆಕ್ಷೇಪಗಳು. ನನಗೆ ಗೊತ್ತು, ಆಫೀಸ್ ಕ್ಯಾಂಟೀನಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದೇನೆ.

“ಹಿಂದಿನ ಮಾತು ಕಾಣಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಮುಗೀತು.” ನಿಜ. ಸಾಮಾನ್ಯವಾಗಿ ಐಆರ್‌ಸಿ ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಕೇಳಿಸಿಕೊಂಡದ್ದನ್ನು ನೆನಪಿಡುವುದು ನಿಮ್ಮ ಕ್ಲೈಂಟ್, ನಿಮ್ಮ ಡಿಸ್ಕಿನಲ್ಲಿ, ಸಾದಾ ಪಠ್ಯದ ಕಡತವಾಗಿ. ಹತ್ತು ವರ್ಷದ ನಂತರ ನೋಟ್‌ಪ್ಯಾಡ್‌ನಲ್ಲೂ ತೆರೆಯಬಹುದು. ನನ್ನ ಆಫೀಸ್ ಚಾಟ್ ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು, ಆದರೆ ನನಗಾಗಿ ಅಲ್ಲ. ಯಾರ ನೆನಪು ಯಾರ ಹತ್ತಿರ ಇರಬೇಕು ಅನ್ನುವುದೇ ಇಲ್ಲಿನ ವ್ಯತ್ಯಾಸ. ನೀವಿಲ್ಲದಾಗ ನಡೆದದ್ದೂ ಬೇಕಾದರೆ ‘ಬೌನ್ಸರ್’ ಇಟ್ಟುಕೊಳ್ಳಿ. ಝಡ್‌ಎನ್‌ಸಿ, ಸೋಜು ಅಂತ ಸಿಗುತ್ತವೆ. ಮನೆಯಲ್ಲಿ ಧೂಳು ಹಿಡಿದಿರುವ ರಾಸ್‌ಬೆರಿ ಪೈ ಸಾಕು. ನಿಮ್ಮ ಪರವಾಗಿ ಅದು ಸದಾ ಒಳಗೆ ಕೂತಿರುತ್ತದೆ, ನೀವು ಬಂದಾಗ ಆದ ಮಾತೆಲ್ಲ ಒಪ್ಪಿಸುತ್ತದೆ.

“ಕಂಪನಿ ಚಾಟ್ ಕಂಪನಿಯದ್ದು, ಅದಕ್ಕೆ ಅಳೋದು ಸರಿಯಾ?” ಸರಿಯಾದ ಪ್ರಶ್ನೆ. ಕಂಪನಿಯ ಗುಟ್ಟು ಕಂಪನಿಯ ಹತ್ತಿರವೇ ಇರಲಿ, ಕೆಲಸ ಹೋದವರಿಗೆ ಕೋಡ್ ತೋರಿಸಬೇಕು ಅಂತ ನಾನು ಹೇಳುತ್ತಿಲ್ಲ. ತಪ್ಪು ನಮ್ಮದು. ನಮ್ಮ ಗೆಳೆತನವನ್ನೂ ತಂದು ಕಂಪನಿಯ ಲಾಕರಿನಲ್ಲಿ ಇಟ್ಟೆವು. ಊಟದ ಜೋಕು, ಸತ್ತ ಗೆಳೆಯನ ಕೊನೆಯ ಸಾಲು ಇವು ಕಂಪನಿಯ ಆಸ್ತಿಯಾಗಿದ್ದು ನಾವು ಬೇರೆ ಜಾಗ ಮಾಡಿಕೊಳ್ಳದ ಸೋಮಾರಿತನಕ್ಕೆ.

“ಫೋಟೋ ಹಾಕೋಕೆ ಬರಲ್ಲ, ವಾಯ್ಸ್ ನೋಟ್ ಇಲ್ಲ.” ಇಲ್ಲ. ಕೆಲವು ಸಲ ಅದು ವರ ಕೂಡ. ಅಮ್ಮನಿಗೆ ಐಆರ್‌ಸಿ ಹಾಕಿಕೊಡಿ ಅಂತ ನಾನು ಹೇಳುತ್ತಿಲ್ಲ. ಅಮ್ಮನಿಗೆ ಮೊಮ್ಮಗನ ಫೋಟೋ ಬೇಕು, ಕೊಡಿ. ಗುಟ್ಟು ಹೇಳುವುದಕ್ಕೂ ಇದು ಜಾಗವಲ್ಲ. ಟಿಎಲ್‌ಎಸ್ ನಿಮ್ಮಿಂದ ಸರ್ವರ್ ತನಕ ಮಾತ್ರ ಮುಚ್ಚುತ್ತದೆ, ಸರ್ವರ್ ನಡೆಸುವವರಿಗೆ ಮಾತು ಕಾಣುತ್ತದೆ. ಕೆಲವು ನೆಟ್‌ವರ್ಕ್‌ಗಳಲ್ಲಿ ನಿಮ್ಮ ಐಪಿ ವಿಳಾಸ ಬೇರೆಯವರಿಗೂ ಕಾಣುತ್ತದೆ. ಗುಟ್ಟಿಗೆ ಸಿಗ್ನಲ್ ಬಳಸಿ. ಐಆರ್‌ಸಿ ಇರುವುದು ಅರಳಿಕಟ್ಟೆಯ ಮಾತಿಗೆ, ನಾಲ್ಕು ಜನ ಕೇಳಿಸಿಕೊಂಡರೆ ನಷ್ಟವಿಲ್ಲದ, ಕೇಳಿಸಿಕೊಂಡರೆ ಲಾಭವೇ ಇರುವ ಮಾತಿಗೆ.

“ಅಲ್ಲಿರುವ ಜನ ಸಿಡುಕರು.” ಇಲ್ಲಿ ನಾನು ನಿಮ್ಮ ಪಕ್ಷ. ನನ್ನ ಕಡೆಯವರಿಗೂ ಎರಡು ಬಿಡಲೇಬೇಕು. ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕುವ ಎರಡನೇ ವರ್ಷದ ಬಿಇ ಹುಡುಗಿ ಮೊದಲ ಸಲ ಚಾನೆಲ್‌ಗೆ ಬಂದು “ಹಲೋ ಸರ್, ಒಂದು ಪ್ರಶ್ನೆ ಕೇಳಬಹುದಾ ಸರ್?” ಅಂತಾಳೆ. ನಾವು ಕಾಲೇಜಿನಲ್ಲಿ ಕಲಿಸಿದ್ದೇ ಅದು, ಕೇಳುವುದಕ್ಕೂ ಅಪ್ಪಣೆ ಕೇಳು ಅಂತ. ಅತ್ತಲಿಂದ ಉತ್ತರ: “ಕೇಳ್ತೀನಿ ಅಂತ ಕೇಳಬೇಡ, ಕೇಳು. ಮ್ಯಾನ್ಯುಯಲ್ ಓದಿದ್ಯಾ?” ಹುಡುಗಿ ಐದು ನಿಮಿಷ ಕಾದು ಹೊರಟುಹೋಗುತ್ತಾಳೆ. ಹತ್ತು ನಿಮಿಷದ ನಂತರ ಬಂದ ಒಳ್ಳೆಯ ಉತ್ತರ ಖಾಲಿ ಕುರ್ಚಿಗೆ ಹೋಗುತ್ತದೆ. ಇದು ಎರಡೂ ಕಡೆಯ ಸೋಲು. ಹಳಬರೇ, ನಿಮ್ಮ ಮೊದಲ ದಿನ ನೆನಪು ಮಾಡಿಕೊಳ್ಳಿ. ಹೊಸಬರೇ, ‘ಸರ್’ ಬಿಡಿ, ಪ್ರಶ್ನೆಯನ್ನು ನೇರ ಹಾಕಿ, ಕಿಟಕಿ ತೆರೆದಿಟ್ಟು ನಿಮ್ಮ ಕೆಲಸಕ್ಕೆ ಹೋಗಿ. ಉತ್ತರ ಕೊಡುವವರು ಬೇರೆ ದೇಶದಲ್ಲಿ ಈಗಷ್ಟೇ ಏಳುತ್ತಿರಬಹುದು.

ಮರ್ಯಾದೆಯಿಂದ ನಡೆಸಬಹುದು ಅನ್ನುವುದಕ್ಕೆ ನಮ್ಮ ದೇಶದಲ್ಲೇ ಉದಾಹರಣೆ ಇದೆ. ಪಶ್ಚಿಮ ಬಂಗಾಳದ ದುರ್ಗಾಪುರದ ಲಿನಕ್ಸ್ ಬಳಗ 2008ರಿಂದ ಬೇಸಿಗೆ ತರಬೇತಿಯನ್ನು ಐಆರ್‌ಸಿಯಲ್ಲೇ ನಡೆಸಿಕೊಂಡು ಬಂತು. ತರಗತಿ ಶುರುವಾದಾಗ ಹಾಜರಿ. ಪ್ರಶ್ನೆ ಇದ್ದರೆ ಒಂದು ಆಶ್ಚರ್ಯಸೂಚಕ ಚಿಹ್ನೆ ಟೈಪಿಸಿ ಕಾಯಬೇಕು, ಕೈ ಎತ್ತಿದ ಹಾಗೆ. ಸರದಿ ಬಂದಾಗ ಕೇಳಬೇಕು. ಒಳ್ಳೆಯ ಕಾಲೇಜು ಸಿಗದ, ನಿಧಾನದ ಇಂಟರ್ನೆಟ್‌ನ ಸಣ್ಣ ಊರಿನ ಮಕ್ಕಳು ಕೂಡ ಹಾಗೆ ಕಲಿಯಬಹುದಿತ್ತು, ಯಾಕೆಂದರೆ ಪಠ್ಯಕ್ಕೆ ಬೇಕಾದ ಡೇಟಾ ಎಷ್ಟು? ವಿಡಿಯೊ ಕಾಲ್‌ನ ಒಂದು ನಿಮಿಷಕ್ಕೆ ಸುರಿಯುವುದರಲ್ಲಿ ಇಲ್ಲಿ ತಿಂಗಳು ಮಾತಾಡಬಹುದು.

ಕೊನೆಗೆ ಕನ್ನಡದ ಮಾತು. ಇಲ್ಲಿ ಐಆರ್‌ಸಿಯೂ ಸಾಚಾ ಅಲ್ಲ. ಅದರ ಒಂದು ಸಂದೇಶಕ್ಕೆ 512 ಬೈಟ್ ಮಿತಿ, ಸಾಲಿನ ಕೊನೆಯ ಗುರುತು, ನಿಮ್ಮ ನಿಕ್, ಚಾನೆಲ್ ಹೆಸರು ಎಲ್ಲ ಸೇರಿ. ಮಾತಿಗೆ ಉಳಿಯುವುದು 400ರ ಮೇಲೆ ಸ್ವಲ್ಪ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಮೂಲಾಕ್ಷರಕ್ಕೆ ಮೂರು, ಕೊಂಬಿಗೆ ಮೂರು, ಒತ್ತು ಕೊಡಲು ಬೇಕಾದ ವಿರಾಮಕ್ಕೆ ಮೂರು. ‘ಕನ್ನಡ’ ಅನ್ನುವುದಕ್ಕೆ 15 ಬೈಟ್, ‘ಬೆಂಗಳೂರು’ ಅನ್ನುವುದಕ್ಕೆ 24, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. ‘ಸಾಫ್ಟ್‌ವೇರ್’ ಅಂತ ಬರೆಯುವಾಗ ನಡುವೆ ಹಾಕುವ ಕಣ್ಣಿಗೆ ಕಾಣದ ಚಿಹ್ನೆಗೂ ಮೂರು. ಇಂಗ್ಲಿಷಿನವರು ಒಂದೇ ಉಸಿರಿಗೆ ಎಪ್ಪತ್ತು ಪದ ಹೇಳಿದರೆ ನಾವು ಇಪ್ಪತ್ತಕ್ಕೆ ನಿಲ್ಲಬೇಕು. ಒಳ್ಳೆಯ ಕ್ಲೈಂಟ್ ಉದ್ದದ ಮಾತನ್ನು ಸರಿಯಾದ ಜಾಗದಲ್ಲಿ ತುಂಡು ಮಾಡಿ ಎರಡು ಸಾಲಾಗಿ ಕಳಿಸುತ್ತದೆ, ಕೆಟ್ಟದ್ದು ಅಕ್ಷರದ ನಡುವೆಯೇ ಕತ್ತರಿ ಹಾಕುತ್ತದೆ. ಹೆಚ್ಚಿನ ಟರ್ಮಿನಲ್‌ಗಳಲ್ಲಂತೂ ಒತ್ತಕ್ಷರ ಪಕ್ಕಕ್ಕೆ ಜಾರಿ ಬಿದ್ದಿರುತ್ತದೆ. ಅದಕ್ಕೇ ನಾಲ್ಕನೇ ಪ್ರಶ್ನೆ. ಕನ್ನಡದಲ್ಲಿ ಮಾತಾಡುವವರು ಕಪ್ಪು ಪರದೆಯ ಶೋಕಿ ಬಿಟ್ಟು, ಕಾನ್ವರ್ಸೇಷನ್‌ನಂಥ ಕಿಟಕಿ ಇರುವ ಕ್ಲೈಂಟನ್ನೋ ಬ್ರೌಸರನ್ನೋ ಹಿಡಿಯುವುದು ಒಳ್ಳೆಯದು.

ಆದರೆ ಒಂದು ಸಂಗತಿ ನೋಡಿ. ಐಆರ್‌ಸಿಯ ಹಳೆಯ ನಿಯಮದಲ್ಲಿ ಹೂ ಆವರಣ ಚಿಹ್ನೆಗಳನ್ನು ಚೌಕ ಆವರಣಗಳ ‘ಸಣ್ಣ ಅಕ್ಷರ’ ಅಂತ ಎಣಿಸುತ್ತಾರೆ. ಹುಚ್ಚು ಅನ್ನಿಸುತ್ತದೆ. ಕಾರಣ ಇದೆ: ಆ ಕಾಲದ ಫಿನ್ಲೆಂಡಿನ ಕಂಪ್ಯೂಟರ್‌ಗಳಲ್ಲಿ ಆ ಜಾಗಗಳಲ್ಲಿ ಅವರ ಭಾಷೆಯ ಚುಕ್ಕಿ ಇಟ್ಟ ಅಕ್ಷರಗಳು ಕೂತಿದ್ದವು. ಅಂದರೆ ಅವರು ತಮ್ಮ ನುಡಿಗೆ ಮೊದಲ ದಿನವೇ ಜಾಗ ಮಾಡಿಕೊಂಡರು, ಅದರ ಗುರುತು ಇವತ್ತಿಗೂ ಉಳಿದಿದೆ. ನಾವೂ ಮಾಡಿಕೊಳ್ಳಬಹುದು. ಲಿಬೆರಾದಲ್ಲಿ ಕನ್ನಡ ಲಿಪಿಯ ನಿಕ್ ನಡೆಯುವುದಿಲ್ಲ. ಆದರೆ ಎರ್ಗೊ ಎಂಬ ಮುಕ್ತ ಸರ್ವರ್ ತಂತ್ರಾಂಶ ಯೂನಿಕೋಡ್ ನಿಕ್‌ಗಳಿಗೆ ಒಪ್ಪುತ್ತದೆ, ಬೌನ್ಸರ್ ಕೆಲಸವನ್ನೂ ಹಳೆಯ ಮಾತು ಇಟ್ಟುಕೊಳ್ಳುವ ಕೆಲಸವನ್ನೂ ತಾನೇ ಮಾಡುತ್ತದೆ. ತಿಂಗಳಿಗೆ ಕೆಲವು ನೂರು ರೂಪಾಯಿಯ ಬಾಡಿಗೆ ಸರ್ವರ್‌ನಲ್ಲಿ ಓಡುತ್ತದೆ. ದೊಡ್ಡ ಕಂಪನಿಗೆ “ದಯವಿಟ್ಟು ಕನ್ನಡ ಸೇರಿಸಿ” ಅಂತ ಸಹಿ ಸಂಗ್ರಹ ಮಾಡಿ ಕಾಯುವುದು ಒಂದು ದಾರಿ. ಒಂದು ಶನಿವಾರ ಕೂತು ನಾವೇ ಕಟ್ಟಿಕೊಳ್ಳುವುದು ಇನ್ನೊಂದು. ಮುಚ್ಚಿದ ಆ್ಯಪ್‌ನಲ್ಲಿ ಎರಡನೆಯ ದಾರಿ ಇರುವುದೇ ಇಲ್ಲ.

ನಾವು ಹನ್ನೊಂದು ಜನ ಕಟ್ಟಿಕೊಂಡೆವು. ಅವತ್ತು ಕೆಲಸ ಹೋದವರು ಕೆಲವರು, ಇನ್ನೂ ಅಲ್ಲೇ ಇರುವವರು ಕೆಲವರು. ಆಫೀಸ್ ವಿಷಯ ಮಾತಾಡಬಾರದು ಅನ್ನುವುದೊಂದೇ ಕಟ್ಟುಪಾಡು. ಯಾರಿಗೆ ಎಲ್ಲಿ ಓಪನಿಂಗ್ ಇದೆ, ಯಾವ ಇಂಟರ್ವ್ಯೂನಲ್ಲಿ ಏನು ಕೇಳಿದರು, ಯಾರ ಮಗಳಿಗೆ ಹಲ್ಲು ಬಂತು. ಇಬ್ಬರು ಹ್ಯಾಲೋಯ್‌ನಲ್ಲಿದ್ದಾರೆ, ಒಬ್ಬ ಇನ್ನೂ ಸತ್ತ ಹೆಕ್ಸ್‌ಚಾಟನ್ನೇ ತಬ್ಬಿಕೊಂಡಿದ್ದಾನೆ, ಉಳಿದವರು ಫೋನಿನಲ್ಲಿ. ಯಾರೂ ಯಾರನ್ನೂ “ಈ ಆ್ಯಪ್ ಹಾಕ್ಕೋ” ಅಂತ ಪೀಡಿಸಬೇಕಾಗಿಲ್ಲ. ಚಾನೆಲ್‌ನ ತಲೆಯ ಮೇಲೆ ಟಾಪಿಕ್ ಅಂತ ಒಂದು ಸಾಲು ಇಡುವ ಸೌಲಭ್ಯ ಇದೆ. ಒಳಗೆ ಬಂದವರಿಗೆಲ್ಲ ಮೊದಲು ಕಾಣುವುದು ಅದು. ಸ್ಕ್ರೀನ್‌ಶಾಟ್ ಯಾರ ಹತ್ತಿರವೂ ಇರಲಿಲ್ಲ, ಆದರೆ ಸಾಲು ಎಲ್ಲರಿಗೂ ಬಾಯಿಪಾಠವಿತ್ತು. ‘ಸರ್ವರ್ ರೀಸ್ಟಾರ್ಟ್ ಮಾಡೋದು ಮರೀಬೇಡ್ರೋ’ ಅಂತ ಬರೆದಿಟ್ಟಿದ್ದೇವೆ.

ನಿಮಗೂ ಅಂಥ ಹನ್ನೊಂದು ಜನ ಇದ್ದಾರೆ. ಅವರ ಮಾತು ಈಗ ಯಾರ ಹತ್ತಿರ ಇದೆ ಅಂತ ಇವತ್ತು ರಾತ್ರಿ ಊಟ ಆದ ಮೇಲೆ ಒಮ್ಮೆ ಯೋಚನೆ ಮಾಡಿ. 9.40 ಆಗುವ ತನಕ ಕಾಯಬೇಡಿ.